ದಿನಾಂಕ ಉಳಿದಿದೆ, ಚಿತ್ರ ಎಲ್ಲಿ?

ಭಾರತೀಯ ಚಿತ್ರರಂಗದ ಪಂಚಾಂಗದಲ್ಲಿ ಮಾರ್ಚ್ ತಿಂಗಳಿಗೆ ವಿಶೇಷ ಸ್ಥಾನವಿದೆ. 1931ರ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ‘ಆಲಂ ಆರಾ’ ತೆರೆ ಕಂಡಿತು. ಅದುವರೆಗೆ ಮೂಕವಾಗಿದ್ದ ನಮ್ಮ ಚಲನಚಿತ್ರ ಅಂದು ಮಾತನಾಡಿತು, ಹಾಡಿತು. ಮೂರು ವರ್ಷಗಳ ನಂತರ, 1934ರ ಮಾರ್ಚ್ 3ರಂದು, ಬೆಂಗಳೂರಿನ ಸಿಟಿ ಮಾರುಕಟ್ಟೆ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ‘ಸತಿ ಸುಲೋಚನ’ ಬಿಡುಗಡೆಯಾಯಿತು. ಕನ್ನಡದ ಮೊದಲ ವಾಕ್ಚಿತ್ರವೆಂದು ನಾವು ಪ್ರತಿವರ್ಷ ನೆನೆಯುವುದು ಅದನ್ನೇ.

‘ಸತಿ ಸುಲೋಚನ’ದ ವಿವರಗಳು ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಸಿಗುತ್ತವೆ. ನಿರ್ದೇಶಕರು ವೈ.ವಿ. ರಾವ್. ನಿರ್ಮಾಪಕರು ಸೌತ್ ಇಂಡಿಯಾ ಮೂವಿಟೋನ್ ಸಂಸ್ಥೆಯ ಚಮನ್‌ಲಾಲ್ ಡೂಂಗಾಜಿ. ಸಂಭಾಷಣೆ ಮತ್ತು ಹಾಡುಗಳನ್ನು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಇಂದ್ರಜಿತನಾಗಿ ಎಂ.ವಿ. ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾಯರು, ಸುಲೋಚನೆಯಾಗಿ ತ್ರಿಪುರಾಂಬ ಅಭಿನಯಿಸಿದ್ದರು. ಬೆಂಗಳೂರಿನಲ್ಲಿ ಆಗ ಸೌಲಭ್ಯವಿಲ್ಲದ್ದರಿಂದ ಚಿತ್ರೀಕರಣ ನಡೆದದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಇಷ್ಟೆಲ್ಲ ನಮಗೆ ಗೊತ್ತು. ಗೊತ್ತಿಲ್ಲದ್ದು ಒಂದೇ: ಆ ಚಿತ್ರ ನೋಡಲು ಹೇಗಿತ್ತು, ಕೇಳಲು ಹೇಗಿತ್ತು ಎಂಬುದು. ಏಕೆಂದರೆ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ‘ಆಲಂ ಆರಾ’ದ ಗತಿಯೂ ಅದೇ.

ದೂರದರ್ಶನದಲ್ಲಿ ಕೆಲಸ ಮಾಡುವ ನನ್ನಂಥವರಿಗೆ ಇದು ಪ್ರತಿ ಮಾರ್ಚ್‌ನಲ್ಲೂ ಎದುರಾಗುವ ಕಷ್ಟ. ಕನ್ನಡ ವಾಕ್ಚಿತ್ರದ ಹುಟ್ಟಿನ ಬಗ್ಗೆ ಅರ್ಧ ಗಂಟೆಯ ಕಾರ್ಯಕ್ರಮ ಮಾಡಬೇಕು. ತೋರಿಸಲು ಇರುವುದು ಕೆಲವೇ ಸ್ಥಿರಚಿತ್ರಗಳು. ಅವನ್ನೇ ಹತ್ತಿರದಿಂದ ಒಮ್ಮೆ, ದೂರದಿಂದ ಒಮ್ಮೆ ತೋರಿಸಿ, ಹಿನ್ನೆಲೆಗೆ ಯಾವುದೋ ವೀಣಾವಾದನ ಹಾಕಿ ಸಮಯ ತುಂಬಿಸಬೇಕು. ಹುಟ್ಟುಹಬ್ಬಕ್ಕೆ ಎಲ್ಲರೂ ಬಂದಿರುತ್ತಾರೆ, ಹಬ್ಬ ಯಾರದೋ ಅವರೇ ಇರುವುದಿಲ್ಲ. ದಿನಾಂಕವನ್ನು ಇಷ್ಟು ಜೋಪಾನವಾಗಿ ಉಳಿಸಿಕೊಂಡ ನಾವು ಚಿತ್ರವನ್ನು ಏಕೆ ಉಳಿಸಿಕೊಳ್ಳಲಿಲ್ಲ? ಈ ಲೇಖನದ ಪ್ರಶ್ನೆ ಇಷ್ಟೇ. ಉತ್ತರಕ್ಕೆ ಚರಿತ್ರೆಯ ಜೊತೆಗೆ ಸ್ವಲ್ಪ ರಸಾಯನಶಾಸ್ತ್ರವೂ ಬೇಕಾಗುತ್ತದೆ.

ದಿನಾಂಕ ಹುಟ್ಟುವ ಬಗೆ

ಮೊದಲು ದಿನಾಂಕದ ವಿಷಯ ನೋಡೋಣ. ಸಿನಿಮಾದ ಜನ್ಮದಿನ ಎಂದು ಲೋಕವೆಲ್ಲ ಒಪ್ಪಿರುವುದು 1895ರ ಡಿಸೆಂಬರ್ 28. ಅಂದು ಪ್ಯಾರಿಸ್ಸಿನಲ್ಲಿ ಲೂಮಿಯೇರ್ ಸಹೋದರರು ಹಣ ಪಡೆದು ಸಾರ್ವಜನಿಕರಿಗೆ ಚಲಿಸುವ ಚಿತ್ರಗಳನ್ನು ತೋರಿಸಿದರು. ಆದರೆ ಅದಕ್ಕೂ ಎರಡು ತಿಂಗಳು ಮೊದಲೇ, ನವೆಂಬರ್ 1ರಂದು, ಬರ್ಲಿನ್ನಿನಲ್ಲಿ ಸ್ಕ್ಲಾದನೋವ್ಸ್ಕಿ ಸಹೋದರರು ತಮ್ಮದೇ ಯಂತ್ರದಿಂದ ಇಂಥ ಪ್ರದರ್ಶನ ನೀಡಿದ್ದರು. ಅವರ ಯಂತ್ರ ಮುಂದೆ ಬಳಕೆಗೆ ಬರಲಿಲ್ಲ, ಲೂಮಿಯೇರರ ಯಂತ್ರ ಜಗತ್ತನ್ನೆಲ್ಲ ಸುತ್ತಿತು. ಆರೇ ತಿಂಗಳಲ್ಲಿ, 1896ರ ಜುಲೈ 7ರಂದು, ಅದು ಮುಂಬಯಿಯ ವಾಟ್ಸನ್ ಹೋಟೆಲಿಗೂ ಬಂದಿತ್ತು. ಪ್ರವೇಶಕ್ಕೆ ಒಂದು ರೂಪಾಯಿ.

ನಮ್ಮಲ್ಲೂ ಹೀಗೆಯೇ. ದಾದಾಸಾಹೇಬ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ 1913ರ ಮೇ 3ರಂದು ಬಿಡುಗಡೆಯಾಯಿತು. ಭಾರತದ ಮೊದಲ ಕಥಾಚಿತ್ರ ಎಂಬ ಗೌರವ ಅದಕ್ಕೆ ಸಂದಿದೆ. ಅದಕ್ಕೂ ಒಂದು ವರ್ಷ ಮೊದಲು, 1912ರ ಮೇ 18ರಂದು, ದಾದಾಸಾಹೇಬ ತೋರ್ಣೆಯವರ ‘ಶ್ರೀ ಪುಂಡಲೀಕ’ ಪ್ರದರ್ಶನಗೊಂಡಿತ್ತು. ಅದು ರಂಗನಾಟಕವನ್ನು ಹಾಗೆಯೇ ಸೆರೆಹಿಡಿದದ್ದು, ಕ್ಯಾಮೆರಾ ನಡೆಸಿದವರು ಬ್ರಿಟಿಷರು, ಸಂಸ್ಕರಣೆಯಾದದ್ದು ಲಂಡನ್ನಿನಲ್ಲಿ ಎಂಬ ಕಾರಣಗಳಿಂದ ಬಹುಮಂದಿ ಅದನ್ನು ಎರಡನೆಯ ಸಾಲಿನಲ್ಲಿ ಕೂರಿಸುತ್ತಾರೆ. ಕನ್ನಡದಲ್ಲಿ ‘ಭಕ್ತ ಧ್ರುವ’ದ ತಯಾರಿಕೆ ‘ಸತಿ ಸುಲೋಚನ’ಕ್ಕಿಂತ ಮೊದಲೇ ಆರಂಭವಾಗಿತ್ತು. ಆದರೆ ತೆರೆಗೆ ಬಂದದ್ದು ಅನಂತರ, ಅದೇ 1934ರಲ್ಲಿ. ಹಾಗಾಗಿ ‘ಮೊದಲನೆಯದು’ ಎನ್ನುವುದು ನಾವು ಹಾಕಿಕೊಂಡ ನಿಯಮವನ್ನು ಅವಲಂಬಿಸಿದೆ. ಮೊದಲು ಆರಂಭವಾದದ್ದೋ, ಮೊದಲು ಬಿಡುಗಡೆಯಾದದ್ದೋ? ಸಾಮಾನ್ಯವಾಗಿ ಬಿಡುಗಡೆಯ ದಿನವೇ ಗೆಲ್ಲುತ್ತದೆ. ಕಾರಣ ಸರಳ. ಅಂದು ಪತ್ರಿಕೆಯಲ್ಲಿ ಜಾಹೀರಾತು ಬರುತ್ತದೆ, ಪತ್ರಿಕೆ ಗ್ರಂಥಾಲಯದಲ್ಲಿ ಉಳಿಯುತ್ತದೆ, ಕಾಗದ ಸಾಕ್ಷಿ ಹೇಳುತ್ತದೆ. ದಿನಾಂಕ ಉಳಿದದ್ದು ಕಾಗದದ ಬಲದಿಂದ. ಚಿತ್ರ ಅಚ್ಚಾಗಿದ್ದ ವಸ್ತುವಿಗೆ ಆ ಬಲ ಇರಲಿಲ್ಲ.

ಬೆಂಕಿಯ ಬಂಧು

ಆ ವಸ್ತು ಯಾವುದು? ಹತ್ತಿಯಲ್ಲಿರುವ ಸೆಲ್ಯುಲೋಸನ್ನು ನೈಟ್ರಿಕ್ ಆಮ್ಲದೊಂದಿಗೆ ವರ್ತಿಸುವಂತೆ ಮಾಡಿದರೆ ನೈಟ್ರೋಸೆಲ್ಯುಲೋಸ್ ಸಿಗುತ್ತದೆ. ಅದಕ್ಕೆ ಕರ್ಪೂರ ಬೆರೆಸಿ ಹದ ಮಾಡಿದರೆ ಬಳುಕುವ, ಪಾರದರ್ಶಕವಾದ ಸೆಲ್ಯುಲಾಯ್ಡ್ ಸಿದ್ಧ. ಅದರ ಮೇಲೆ ಜೆಲಟಿನ್ ಪದರ, ಆ ಪದರದೊಳಗೆ ಬೆಳ್ಳಿಯ ಸೂಕ್ಷ್ಮ ಕಣಗಳು. ಕಪ್ಪು-ಬಿಳುಪು ಚಿತ್ರವೆಂದರೆ ಆ ಬೆಳ್ಳಿಯ ಕಣಗಳ ನೆರಳೇ. ಚಿತ್ರ ಅತ್ಯಂತ ಸ್ಫುಟವಾಗಿ ಮೂಡುತ್ತಿದ್ದುದರಿಂದ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಜಗತ್ತಿನ ಚಿತ್ರೋದ್ಯಮ ಇದನ್ನೇ ಬಳಸಿತು. ‘ರಾಜಾ ಹರಿಶ್ಚಂದ್ರ’, ‘ಆಲಂ ಆರಾ’, ‘ಸತಿ ಸುಲೋಚನ’ ಎಲ್ಲವೂ ಇದರ ಮೇಲೆಯೇ ಅಚ್ಚಾದವು.

ನೈಟ್ರೋಸೆಲ್ಯುಲೋಸಿನಲ್ಲಿ ನೈಟ್ರೇಟಿನ ಪ್ರಮಾಣ ಹೆಚ್ಚಿಸಿದರೆ ಅದೇ ಗನ್ ಕಾಟನ್ ಎಂಬ ಸ್ಫೋಟಕ. ಸಿನಿಮಾ ಫಿಲ್ಮು ಅದರ ಸೌಮ್ಯವಾದ ತಮ್ಮ. ಹೊತ್ತಿಕೊಂಡರೆ ಆರಿಸುವುದು ಬಹು ಕಷ್ಟ. ಉರಿಯಲು ಬೇಕಾದ ಆಮ್ಲಜನಕ ಅದರ ಅಣುವಿನೊಳಗೇ ಇರುವುದರಿಂದ ನೀರಿನೊಳಗೂ ಉರಿಯುತ್ತದೆ. ಹಳೆಯ ಚಿತ್ರಮಂದಿರಗಳಲ್ಲಿ ಪ್ರೊಜೆಕ್ಟರ್ ಕೋಣೆಗೆ ದಪ್ಪ ಗೋಡೆ, ಕಬ್ಬಿಣದ ಬಾಗಿಲು, ಪಕ್ಕದಲ್ಲಿ ಮರಳಿನ ಬಕೆಟ್ಟುಗಳು ಇರುತ್ತಿದ್ದುದು ಈ ಭಯದಿಂದಲೇ.

ಬೆಂಕಿ ಬೀಳದಿದ್ದರೂ ಅದು ತಾನಾಗಿಯೇ ಕೊಳೆಯುತ್ತದೆ. ನೈಟ್ರೇಟ್ ನಿಧಾನವಾಗಿ ವಿಘಟನೆಗೊಂಡು ನೈಟ್ರೋಜನ್ ಆಕ್ಸೈಡುಗಳನ್ನು ಬಿಡುತ್ತದೆ. ಗಾಳಿಯ ತೇವಾಂಶದೊಂದಿಗೆ ಅವು ಆಮ್ಲವಾಗುತ್ತವೆ. ಆ ಆಮ್ಲ ವಿಘಟನೆಯನ್ನು ಇನ್ನಷ್ಟು ಚುರುಕುಗೊಳಿಸುತ್ತದೆ, ಜೊತೆಗೆ ಬೆಳ್ಳಿಯ ಕಣಗಳನ್ನೂ ತಿನ್ನುತ್ತದೆ. ಅಂದರೆ ರೋಗವೇ ರೋಗವನ್ನು ಬೆಳೆಸುತ್ತದೆ. ಮೊದಲು ಚಿತ್ರ ಮಸುಕಾಗುತ್ತದೆ, ಆಮೇಲೆ ಸುರುಳಿ ಅಂಟಂಟಾಗುತ್ತದೆ, ಗುಳ್ಳೆ ಏಳುತ್ತದೆ, ಕೊನೆಗೆ ಡಬ್ಬಿಯಲ್ಲಿ ಉಳಿಯುವುದು ಕಂದು ಬಣ್ಣದ ಪುಡಿ. ರಾಸಾಯನಿಕ ಕ್ರಿಯೆಯ ವೇಗ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು ಎರಡರಷ್ಟಾಗುತ್ತದೆ ಎಂಬ ಸ್ಥೂಲ ನಿಯಮವನ್ನು ನೀವು ಪಾಠದಲ್ಲಿ ಓದಿರಬಹುದು. ಆ ಲೆಕ್ಕದಲ್ಲಿ 5 ಡಿಗ್ರಿಯ ತಂಪು ಕೋಣೆಯಲ್ಲಿರುವ ಫಿಲ್ಮಿಗಿಂತ 35 ಡಿಗ್ರಿಯ ಗೋದಾಮಿನಲ್ಲಿರುವ ಫಿಲ್ಮು ಎಂಟು ಪಟ್ಟು ಬೇಗ ಹಾಳಾಗುತ್ತದೆ. ನಮ್ಮ ದೇಶದ ಬೇಸಿಗೆಯೂ ಮಳೆಗಾಲವೂ ಸೇರಿ ನಮ್ಮ ಚಿತ್ರಗಳಿಗೆ ಏನು ಮಾಡಿರಬೇಕೆಂದು ನೀವೇ ಊಹಿಸಿ. 1950ರ ದಶಕದ ಆರಂಭದಲ್ಲಿ ನೈಟ್ರೇಟ್ ಫಿಲ್ಮಿನ ತಯಾರಿಕೆ ನಿಂತು, ಸುಲಭವಾಗಿ ಉರಿಯದ ಅಸಿಟೇಟ್ ಫಿಲ್ಮು ಬಂದಿತು. ಅಷ್ಟರಲ್ಲಿ ನಮ್ಮ ಮೂಕಿ ಚಿತ್ರಗಳ ಯುಗವೂ ವಾಕ್ಚಿತ್ರದ ಮೊದಲ ಇಪ್ಪತ್ತು ವರ್ಷಗಳೂ ಮುಗಿದಿದ್ದವು.

ಬೆಳ್ಳಿಯ ಬೆಲೆ

ರಸಾಯನಶಾಸ್ತ್ರದ ಮೇಲೆಯೇ ಎಲ್ಲ ತಪ್ಪನ್ನೂ ಹೊರಿಸುವಂತಿಲ್ಲ. ಅರ್ಥಶಾಸ್ತ್ರವೂ ಇಲ್ಲಿ ಕೆಲಸ ಮಾಡಿತು. ವಾಕ್ಚಿತ್ರ ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ. ಒಂದು ಅಡಿ ಫಿಲ್ಮಿನಲ್ಲಿ 16 ಚೌಕಟ್ಟುಗಳು. ಅಂದರೆ ನಿಮಿಷಕ್ಕೆ 90 ಅಡಿ. ಮೂರು ಗಂಟೆಯ ಚಿತ್ರಕ್ಕೆ 16 ಸಾವಿರ ಅಡಿಗೂ ಮಿಕ್ಕಿದ ಫಿಲ್ಮು. ಒಂದೊಂದು ಪ್ರತಿಯೂ ದುಬಾರಿ. ಆದ್ದರಿಂದ ಒಂದು ಚಿತ್ರಕ್ಕೆ ಕೆಲವೇ ಪ್ರತಿಗಳನ್ನು ಮಾಡಿಸುತ್ತಿದ್ದರು. ಅವು ಪಟ್ಟಣದಿಂದ ಪಟ್ಟಣಕ್ಕೆ, ಅಲ್ಲಿಂದ ಟೂರಿಂಗ್ ಟಾಕೀಸಿಗೆ ಸುತ್ತಿ ಸುತ್ತಿ, ಗೀರು ಬಿದ್ದು, ತುಂಡಾಗಿ, ಅಂಟಿಸಿಕೊಂಡು ಸವೆಯುತ್ತಿದ್ದವು. ದೂರದರ್ಶನವಿಲ್ಲ, ಕ್ಯಾಸೆಟ್ಟಿಲ್ಲ, ಓಟ ಮುಗಿದ ಚಿತ್ರದಿಂದ ಇನ್ನು ಕಾಸು ಹುಟ್ಟುವುದಿಲ್ಲ. ಆದರೆ ಅದರೊಳಗೆ ಬೆಳ್ಳಿಯಿದೆ. ಹಳೆಯ ಫಿಲ್ಮು ಕೊಂಡು, ತೊಳೆದು, ಬೆಳ್ಳಿ ತೆಗೆದು ಮಾರುವ ವ್ಯಾಪಾರವೇ ನಡೆಯುತ್ತಿತ್ತು. ಉಳಿದ ಸೆಲ್ಯುಲಾಯ್ಡ್ ಬಳೆ, ಕೈಚೀಲಗಳ ತಯಾರಿಗೆ ಹೋದದ್ದೂ ಉಂಟು.

2003ರ ಜನವರಿಯಲ್ಲಿ ಪುಣೆಯ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯ ಆವರಣದಲ್ಲಿ ನೈಟ್ರೇಟ್ ಫಿಲ್ಮುಗಳಿದ್ದ ಉಗ್ರಾಣಕ್ಕೆ ಬೆಂಕಿ ಬಿದ್ದು ನೂರಾರು ಚಿತ್ರಗಳ ಸುರುಳಿಗಳು ನಾಶವಾದವು. ‘ಆಲಂ ಆರಾ’ದ ಕಡೆಯ ಪ್ರತಿಯೂ ಅಲ್ಲೇ ಸುಟ್ಟುಹೋಯಿತೆಂದು ಪತ್ರಿಕೆಗಳು ಬರೆದವು, ಇಂದಿಗೂ ಹಲವರು ಹಾಗೆಯೇ ಹೇಳುತ್ತಾರೆ. ಇದು ನಿಜವಲ್ಲ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ ಪಿ.ಕೆ. ನಾಯರ್ ಅವರು ‘ಆಲಂ ಆರಾ’ ಸಂಗ್ರಹಾಲಯಕ್ಕೆ ಎಂದೂ ಬಂದೇ ಇರಲಿಲ್ಲ ಎಂದು ಸ್ಪಷ್ಟಪಡಿಸಿದ್ದರು. ಅವರು ಚಿತ್ರದ ನಿರ್ದೇಶಕ ಆರ್ದೇಶಿರ್ ಇರಾನಿಯವರನ್ನೇ ಹುಡುಕಿಕೊಂಡು ಹೋಗಿದ್ದರು. ಉಳಿದಿದ್ದ ಕೆಲವು ಸುರುಳಿಗಳನ್ನು ಬೆಳ್ಳಿಗಾಗಿ ವಿಲೇವಾರಿ ಮಾಡಲಾಗಿತ್ತೆಂಬ ಸಂಗತಿ ಅವರಿಗೆ ಆ ಮನೆಯಿಂದಲೇ ತಿಳಿಯಿತು. ಚಿತ್ರ ತಯಾರಿಸಿದವರಿಗೇ ಅದರ ಬೆಲೆ ಅಷ್ಟಾಗಿತ್ತು. ಮುಂದೆ ‘ಆಲಂ ಆರಾ’ವನ್ನು ಅಚ್ಚು ಹಾಕಿದ ಯಂತ್ರ ಮುಂಬಯಿಯಲ್ಲಿ ಪತ್ತೆಯಾದ ಸುದ್ದಿ ಬಂದಿತು. ಅಚ್ಚಿನ ಯಂತ್ರ ಸಿಕ್ಕಿದೆ, ಅಚ್ಚಾದದ್ದು ಸಿಕ್ಕಿಲ್ಲ.

ಮೂಕಿ ಯುಗದಲ್ಲಿ ಭಾರತದಲ್ಲಿ ತಯಾರಾದ ಚಿತ್ರಗಳು ಸಾವಿರಕ್ಕೂ ಬಹಳ ಹೆಚ್ಚು. ಪೂರ್ತಿಯಾಗಿಯೋ ತುಣುಕಾಗಿಯೋ ಉಳಿದಿರುವುದು ಬೆರಳೆಣಿಕೆಯಷ್ಟು. ನಾಲ್ಕು ಸುರುಳಿಗಳ ‘ರಾಜಾ ಹರಿಶ್ಚಂದ್ರ’ದಲ್ಲಿ ಮೊದಲ ಮತ್ತು ಕೊನೆಯ ಸುರುಳಿಗಳು ಪುಣೆಯಲ್ಲಿವೆ. ಅವೂ 1917ರಲ್ಲಿ ಫಾಲ್ಕೆಯವರೇ ಮತ್ತೆ ತಯಾರಿಸಿದ ಚಿತ್ರದವು ಎಂಬ ವಾದವಿದೆ.

ಅರಗಿನ ತಟ್ಟೆಯ ಭಾಗ್ಯ

ಈಗ ಇದಕ್ಕೆ ಎದುರಾಗಿ ಇನ್ನೊಂದು ದಿನವನ್ನು ಇಟ್ಟು ನೋಡೋಣ. 1902ರ ನವೆಂಬರ್ ತಿಂಗಳು, ಕಲ್ಕತ್ತ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞ ಲಂಡನ್ನಿನಿಂದ ಯಂತ್ರಗಳೊಂದಿಗೆ ಬಂದಿಳಿದ. ಕೆಲವೇ ವಾರಗಳಲ್ಲಿ ಐನೂರಕ್ಕೂ ಹೆಚ್ಚು ಧ್ವನಿಮುದ್ರಣಗಳನ್ನು ಮಾಡಿಕೊಂಡ. ಹಾಡಿದವರಲ್ಲಿ ಮುಖ್ಯರು ಗೋಹರ್ ಜಾನ್. ವಿದ್ಯುತ್ ಮೈಕ್ ಇನ್ನೂ ಬಂದಿರದ ಕಾಲ. ದೊಡ್ಡ ಕಹಳೆಯ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕು. ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುವುದು ಮೂರು ನಿಮಿಷದ ಆಸುಪಾಸು. ಗಂಟೆಗಟ್ಟಲೆ ಬೆಳೆಯುವ ರಾಗವನ್ನು ಅಷ್ಟರಲ್ಲಿ ಅಡಕಗೊಳಿಸುವುದನ್ನು ಗೋಹರ್ ಜಾನ್ ಕರಗತ ಮಾಡಿಕೊಂಡರು. ಹಾಡು ಮುಗಿದೊಡನೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಅದು ಬರಿಯ ಠೀವಿಯಲ್ಲ. ಮುದ್ರಿಸಿಕೊಂಡ ಮೇಣದ ತಟ್ಟೆಗಳು ಜರ್ಮನಿಯ ಹಾನೋವರ್ ನಗರಕ್ಕೆ ಹೋಗಿ ಅಲ್ಲಿ ಪ್ರತಿಗಳಾಗಬೇಕಿತ್ತು. ನಮ್ಮ ಭಾಷೆ ತಿಳಿಯದ ಅಲ್ಲಿನ ಕೆಲಸಗಾರರಿಗೆ ಯಾರ ಹಾಡು ಯಾವುದೆಂದು ಗೊತ್ತಾಗಲಿ ಎಂಬ ಏರ್ಪಾಡು ಅದು.

ಗೋಹರ್ ಜಾನ್ ಅವರ ಕೊನೆಯ ದಿನಗಳಿಗೂ ನಮ್ಮ ನಾಡಿಗೂ ನಂಟಿದೆ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಮೈಸೂರಿನ ಆಸ್ಥಾನಕ್ಕೆ ಬರಮಾಡಿಕೊಂಡರು. 1930ರ ಜನವರಿ 17ರಂದು ಮೈಸೂರಿನಲ್ಲೇ ಅವರು ತೀರಿಕೊಂಡರು. ‘ಆಲಂ ಆರಾ’ಕ್ಕಿಂತ ಒಂದು ವರ್ಷ ಮೊದಲೇ ಅಡಗಿದ ಆ ಕಂಠವನ್ನು ನಾವು ಇಂದೂ ಕೇಳಬಹುದು. ‘ಆಲಂ ಆರಾ’ದ ಒಂದು ದೃಶ್ಯವನ್ನೂ ನೋಡಲಾಗದು. ಹಳೆಯದು ಉಳಿಯಿತು, ಅದಕ್ಕಿಂತ ಹೊಸದು ಅಳಿಯಿತು. ಹೀಗೇಕೆ?

ಮೊದಲ ಕಾರಣ ವಸ್ತು. ಆಗಿನ ತಟ್ಟೆಗಳನ್ನು ಮಾಡುತ್ತಿದ್ದುದು ಅರಗು, ಕಲ್ಲಿನ ಪುಡಿ ಮತ್ತು ಕಾಡಿಗೆಯ ಮಿಶ್ರಣದಿಂದ. ಮುತ್ತುಗದಂಥ ಮರಗಳ ಮೇಲೆ ಕೂತ ಪುಟ್ಟ ಕೀಟಗಳು ಸ್ರವಿಸುವ ಅಂಟೇ ಅರಗು. ಮಹಾಭಾರತದ ಅರಗಿನ ಮನೆಯ ಅರಗು, ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣದ ಹೊಳಪು ಕೊಡುವ ಅರಗು, ಇದೇ. ಜಗತ್ತಿನ ಗ್ರಾಮಫೋನ್ ಉದ್ಯಮಕ್ಕೆ ಅದನ್ನು ಮುಖ್ಯವಾಗಿ ಒದಗಿಸುತ್ತಿದ್ದುದು ಭಾರತದ ಕಾಡುಗಳು. ಅರಗಿನ ತಟ್ಟೆ ಕೈಜಾರಿದರೆ ಒಡೆಯುತ್ತದೆ, ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ. ಆದರೆ ನೈಟ್ರೇಟಿನಂತೆ ತನ್ನನ್ನು ತಾನೇ ತಿನ್ನುವುದಿಲ್ಲ.

ಎರಡನೆಯ ಕಾರಣ ಇನ್ನೂ ಮುಖ್ಯವಾದದ್ದು. ಮೇಣದ ಮೂಲದಿಂದ ಲೋಹದ ಅಚ್ಚು ಮಾಡಿ, ಅದರಿಂದ ನೂರಾರು ಸಾವಿರಾರು ತಟ್ಟೆಗಳನ್ನು ಒತ್ತುತ್ತಿದ್ದರು. 1908ರ ಹೊತ್ತಿಗೆ ಕಲ್ಕತ್ತದಲ್ಲೇ ಅಂಥ ಕಾರ್ಖಾನೆ ಬಂದಿತು. ತಟ್ಟೆಗಳು ಮನೆಮನೆಗೆ ಹೋದವು. ಒಂದು ಮನೆಯಲ್ಲಿ ಒಡೆದರೆ ಇನ್ನೊಂದು ಮನೆಯ ಅಟ್ಟದಲ್ಲಿ ಉಳಿಯಿತು. ತಟ್ಟೆಗಳಿಗೂ ಸಂಕಟ ಬಾರದೆ ಇರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅರಗಿಗೆ ಕೊರತೆ ಬಂದಾಗ ಅಮೆರಿಕದಂಥ ದೇಶಗಳಲ್ಲಿ ಹಳೆಯ ತಟ್ಟೆಗಳನ್ನು ಕೂಡಿಹಾಕಿ ಪುಡಿ ಮಾಡಿ ಮತ್ತೆ ಬಳಸಿದರು. ಆದರೂ ಎಲ್ಲ ಪ್ರತಿಗಳೂ ಒಮ್ಮೆಗೇ ಹೋಗಲಿಲ್ಲ. ಚಿತ್ರದ ಪ್ರತಿಗಳಾದರೋ ನಾಲ್ಕಾರು, ಅವೂ ಒಬ್ಬನೇ ಯಜಮಾನನ ಗೋದಾಮಿನಲ್ಲಿ. ಅವನು ಮಾರಲು ಮನಸ್ಸು ಮಾಡಿದರೆ ಅಲ್ಲಿಗೆ ಎಲ್ಲವೂ ಮುಗಿಯಿತು. ಪ್ರತಿಗಳು ಹೆಚ್ಚಾಗಿರಬೇಕು, ಬೇರೆಬೇರೆ ಕೈಗಳಲ್ಲಿರಬೇಕು. ಸಂರಕ್ಷಣೆಯ ಮೊದಲ ಪಾಠ ಇದು.

ಓಡದ ಚಿತ್ರ ಉಳಿಯಿತು

ಇದಕ್ಕೊಂದು ವಿಚಿತ್ರವಾದ ಉದಾಹರಣೆ ದಕ್ಷಿಣ ಭಾರತದಲ್ಲೇ ಇದೆ. 1933ರಲ್ಲಿ ತಿರುವನಂತಪುರದಲ್ಲಿ ‘ಮಾರ್ತಾಂಡ ವರ್ಮ’ ಎಂಬ ಮೂಕಿ ಚಿತ್ರ ತೆರೆ ಕಂಡಿತು. ಅದು ಸಿ.ವಿ. ರಾಮನ್ ಪಿಳ್ಳೆಯವರ ಪ್ರಸಿದ್ಧ ಕಾದಂಬರಿಯನ್ನು ಆಧರಿಸಿತ್ತು. ಕಾದಂಬರಿಯ ಹಕ್ಕು ತಮ್ಮದೆಂದು ಪ್ರಕಾಶಕರು ತಕರಾರು ಎತ್ತಿ ಪ್ರದರ್ಶನ ನಿಲ್ಲಿಸಿದರು. ಪ್ರತಿ ಪ್ರಕಾಶಕರ ವಶದಲ್ಲೇ ಉಳಿಯಿತು. 1974ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಅದನ್ನು ಪಡೆದುಕೊಂಡಿತು. ನಿರ್ಮಾಪಕರ ಪಾಲಿಗೆ ದುರ್ದೈವವಾದದ್ದು ಚಿತ್ರದ ಪಾಲಿಗೆ ದೈವವಾಯಿತು. ಜನಪ್ರಿಯವಾಗಿ ಓಡಿದ್ದರೆ ಅದೂ ಸವೆದು, ತೊಳೆಸಿಕೊಂಡು, ಬೆಳ್ಳಿಯಾಗಿ ಹೋಗುತ್ತಿತ್ತೋ ಏನೋ. ಜನಪ್ರಿಯತೆಯೇ ಉಳಿವಿಗೆ ಭರವಸೆಯಲ್ಲ.

ಕಳೆದುಹೋದದ್ದು ಊಹಿಸದ ಕಡೆ ಸಿಗುವುದೂ ಉಂಟು. ಜರ್ಮನಿಯ ‘ಮೆಟ್ರೊಪೊಲಿಸ್’ 1927ರಲ್ಲಿ ಬಿಡುಗಡೆಯಾದ ಬೆನ್ನಲ್ಲೇ ಕತ್ತರಿಸಲ್ಪಟ್ಟಿತು. ಕತ್ತರಿಸಿದ ಭಾಗಗಳು ಎಂದೆಂದಿಗೂ ಹೋದವೆಂದು ವಿದ್ವಾಂಸರು ಕೈಚೆಲ್ಲಿದ್ದರು. 2008ರಲ್ಲಿ, ಸಮುದ್ರದಾಚೆ ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದ ಚಿತ್ರ ವಸ್ತುಸಂಗ್ರಹಾಲಯದಲ್ಲಿ ಬಹುಪಾಲು ಪೂರ್ಣವಾದ ಪ್ರತಿ ಸಿಕ್ಕಿತು. ದುರಸ್ತಿಯಾದ ಚಿತ್ರ 2010ರಲ್ಲಿ ಬರ್ಲಿನ್ನಿನಲ್ಲಿ ಪ್ರದರ್ಶನಗೊಂಡಿತು. ಕಲ್ಕತ್ತದಲ್ಲಿ ತಯಾರಾದ 1919ರ ‘ಬಿಲ್ವಮಂಗಳ’ ಚಿತ್ರದ ತುಣುಕು ಫ್ರಾನ್ಸಿನ ಸಂಗ್ರಹಾಲಯದಲ್ಲಿತ್ತು. 2016ರಲ್ಲಿ ಅದರ ಪ್ರತಿ ಪುಣೆಗೆ ಬಂದಿತು.

ಕನ್ನಡಕ್ಕೂ ಒಂದು ಸಂತೋಷದ ಉದಾಹರಣೆಯಿದೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ಬಂದದ್ದು 1977ರಲ್ಲಿ. ಅದರ ಮೂಲ ನೆಗೆಟಿವ್ ಪುಣೆಯ ಸಂಗ್ರಹಾಲಯದಲ್ಲಿ ಉಳಿದಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಷನ್ ವಿದೇಶಿ ಸಂಸ್ಥೆಗಳ ನೆರವಿನೊಂದಿಗೆ ಅದನ್ನು ದುರಸ್ತಿ ಮಾಡಿಸಿತು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಆ ಹೊಸ ಪ್ರತಿ ಪ್ರದರ್ಶಿತವಾಯಿತು. ‘ಸತಿ ಸುಲೋಚನ’ಕ್ಕೂ ‘ಘಟಶ್ರಾದ್ಧ’ಕ್ಕೂ ನಡುವೆ 43 ವರ್ಷಗಳ ಅಂತರ. ಆ ನಡುವೆ, 1964ರಲ್ಲಿ, ಚಲನಚಿತ್ರಗಳನ್ನು ಕೂಡಿಡುವ ಒಂದು ರಾಷ್ಟ್ರೀಯ ಸಂಸ್ಥೆ ಹುಟ್ಟಿತು. 2022ರಲ್ಲಿ ಅದು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಡನೆ ಸೇರಿತು. ಮೊದಲ ಚಿತ್ರದ ಕಾಲಕ್ಕೆ ಅಂಥ ಬಾಗಿಲೇ ಇರಲಿಲ್ಲ, ಎರಡನೆಯದರ ಕಾಲಕ್ಕೆ ಇತ್ತು.

ಮಸಿಯ ಗೆರೆ ಹಾಡಿತು

ಇಟ್ಟುಕೊಂಡದ್ದರಿಂದ ಏನು ಪ್ರಯೋಜನ ಎಂದು ಇಟ್ಟುಕೊಳ್ಳುವಾಗ ತಿಳಿಯದೆ ಇರಬಹುದು. ಇದಕ್ಕೆ ವಿಜ್ಞಾನದ ಚರಿತ್ರೆಯಿಂದ ಒಂದು ಸೊಗಸಾದ ಪ್ರಸಂಗ ಹೇಳುತ್ತೇನೆ. ಥಾಮಸ್ ಆಲ್ವ ಎಡಿಸನ್ ಫೋನೋಗ್ರಾಫ್ ತಯಾರಿಸಿದ್ದು 1877ರ ಡಿಸೆಂಬರಿನಲ್ಲಿ. ತೆಳು ತಗಡಿನ ಮೇಲೆ ಧ್ವನಿಯನ್ನು ಕೊರೆದು, ಮತ್ತೆ ಕೇಳಿಸಿದರು. ಆ ತಗಡು ಕೆಲವು ಸಲ ಕೇಳುವುದರಲ್ಲೇ ಸವೆದುಹೋಗುತ್ತಿತ್ತು. ಅಂದಿನ ಮುದ್ರಣ ಉಳಿಯಲಿಲ್ಲ. ಎಡಿಸನ್ನರ ಮೊದಲ ಮಾತು ಎಂದು ಇಂದು ಕೇಳಿಸುವ ಧ್ವನಿ 1927ರದು. ಫೋನೋಗ್ರಾಫಿನ ಸುವರ್ಣ ಮಹೋತ್ಸವದಲ್ಲಿ ಅವರು ಹಳೆಯ ಮಾತನ್ನು ಮತ್ತೊಮ್ಮೆ ಹೇಳಿದರು. ಉತ್ಸವವೇ ಇಲ್ಲಿ ಮೂಲದ ಜಾಗದಲ್ಲಿ ಕುಳಿತಿದೆ!

ಎಡಿಸನ್ನರಿಗಿಂತ ಮೊದಲು ಪ್ಯಾರಿಸ್ಸಿನಲ್ಲಿ ಎದುವಾರ್-ಲಿಯೋಂ ಸ್ಕಾಟ್ ಎಂಬುವರಿದ್ದರು. ತೆಳುವಾದ ಪೊರೆಗೆ ಒಂದು ಕೂದಲಿನ ಕಡ್ಡಿ ಅಂಟಿಸಿ, ಅದರ ಕೆಳಗೆ ಮಸಿ ಹಿಡಿಸಿದ ಕಾಗದವನ್ನು ಸುತ್ತಿಸಿ, ಧ್ವನಿಯ ಕಂಪನಗಳು ಕಾಗದದ ಮೇಲೆ ಗೆರೆಯಾಗಿ ಮೂಡುವಂತೆ ಮಾಡಿದರು. ಅವರ ಉದ್ದೇಶ ಧ್ವನಿಯನ್ನು ಕಣ್ಣಿನಿಂದ ನೋಡುವುದು ಮಾತ್ರ. ಮತ್ತೆ ಕೇಳಿಸುವ ಉಪಾಯ ಅವರ ಬಳಿ ಇರಲಿಲ್ಲ. 1860ರ ಏಪ್ರಿಲ್ 9ರಂದು ಅವರು ಮೂಡಿಸಿದ ಒಂದು ಕಾಗದ ಪ್ಯಾರಿಸ್ಸಿನ ದಾಖಲೆಗಳ ನಡುವೆ ಮಲಗಿತ್ತು. 2008ರಲ್ಲಿ ಅಮೆರಿಕದ ಸಂಶೋಧಕರು ಆ ಗೆರೆಗಳ ಸೂಕ್ಷ್ಮ ಚಿತ್ರ ತೆಗೆದು ಕಂಪ್ಯೂಟರಿನ ಸಹಾಯದಿಂದ ಧ್ವನಿಯಾಗಿ ಪರಿವರ್ತಿಸಿದರು. 148 ವರ್ಷಗಳ ನಂತರ ಕಾಗದ ಒಂದು ಜಾನಪದ ಗೀತೆಯನ್ನು ಹಾಡಿತು. ಮೊದಲು ಅದು ಹುಡುಗಿಯ ದನಿ ಎನಿಸಿತು. ವೇಗ ಸರಿಪಡಿಸಿದಾಗ ಗಂಡಸಿನ ದನಿಯಾಯಿತು, ಬಹುಶಃ ಸ್ಕಾಟ್ ಅವರದೇ. ಆ ಕಾಗದವನ್ನು ಕಾಪಾಡಿದ ಗುಮಾಸ್ತರಿಗೆ ಅದು ಹಾಡುತ್ತದೆಂದು ಗೊತ್ತಿರಲಿಲ್ಲ. ಅವರು ಬಿಸಾಡಲಿಲ್ಲ, ಅಷ್ಟೇ. ಉಳಿದ ಕೆಲಸವನ್ನು ಮುಂದಿನ ವಿಜ್ಞಾನ ಮಾಡಿತು.

ನಮ್ಮ ಕಾಲದ ನೈಟ್ರೇಟ್

ಹಿಂದಿನವರು ಎಚ್ಚರ ತಪ್ಪಿದರು, ನಾವು ಜಾಣರು ಎಂದುಕೊಳ್ಳಬೇಡಿ. ಟೆಲಿವಿಷನ್ ಬಂದ ಮೇಲೆ ಜಗತ್ತಿನ ಬಹುತೇಕ ಕೇಂದ್ರಗಳಲ್ಲಿ ದುಬಾರಿಯಾದ ವೀಡಿಯೋ ಟೇಪನ್ನು ಅಳಿಸಿ ಮತ್ತೆ ಬಳಸುವ ರೂಢಿ ಬಂದಿತು. ಬಿಬಿಸಿಯ ಹಲವು ಜನಪ್ರಿಯ ಧಾರಾವಾಹಿಗಳ ಕಂತುಗಳು ಹೀಗೆ ಇಲ್ಲವಾದವು. 1969ರ ಜುಲೈಯಲ್ಲಿ ಮಾನವ ಚಂದ್ರನ ಮೇಲೆ ಕಾಲಿಟ್ಟ ದೃಶ್ಯಗಳನ್ನು ಅತ್ಯಂತ ಸ್ಫುಟವಾಗಿ ಹಿಡಿದಿದ್ದ ಮೂಲ ಟೇಪುಗಳನ್ನು, ಟೇಪಿನ ಅಭಾವದ ಕಾಲದಲ್ಲಿ ಅಳಿಸಿ ಮರುಬಳಕೆ ಮಾಡಿರಬೇಕೆಂದು 2009ರಲ್ಲಿ ನಾಸಾ ಒಪ್ಪಿಕೊಂಡಿತು. ಪ್ರಸಾರವಾದ ಚಿತ್ರಗಳ ಪ್ರತಿಗಳು ಬೇರೆಡೆ ಇದ್ದುದರಿಂದ ನಾವು ಅವನ್ನು ನೋಡುತ್ತಿದ್ದೇವೆ. ಅಲ್ಲಿಯೂ ಕಾಪಾಡಿದ್ದು ಹಲವು ಪ್ರತಿಗಳೇ.

ಇಂದು ಹಾಡೂ ಚಿತ್ರವೂ ಅಂಕಿಗಳ ರೂಪದಲ್ಲಿವೆ. ಅವು ಕೊಳೆಯುವುದಿಲ್ಲ ನಿಜ. ಆದರೆ ಅವನ್ನು ಹೊತ್ತಿರುವ ಡಿಸ್ಕು ಕೆಡುತ್ತದೆ, ಓದುವ ಯಂತ್ರ ಮಾರುಕಟ್ಟೆಯಿಂದ ಮಾಯವಾಗುತ್ತದೆ. ಇಪ್ಪತ್ತು ವರ್ಷದ ಹಿಂದಿನ ಫ್ಲಾಪಿಯನ್ನೋ ವೀಡಿಯೋ ಕ್ಯಾಸೆಟ್ಟನ್ನೋ ಇಂದು ಓದಿಸಲು ಹೊರಟು ನೋಡಿ, ಕಷ್ಟ ಅರ್ಥವಾಗುತ್ತದೆ. ಮೊಬೈಲಿನಲ್ಲಿರುವ ಒಂದೇ ಪ್ರತಿ ಎಂದರೆ 1934ರ ಗೋದಾಮಿನ ಒಂದೇ ಪ್ರತಿಯ ಹಾಗೆಯೇ. ವಿಶ್ವಸಂಸ್ಥೆಯ ಯುನೆಸ್ಕೋ ಪ್ರತಿವರ್ಷ ಅಕ್ಟೋಬರ್ 27ನ್ನು ದೃಶ್ಯ-ಶ್ರವ್ಯ ಪರಂಪರೆಯ ದಿನವಾಗಿ ಆಚರಿಸುವುದು ಈ ಅಪಾಯವನ್ನು ನೆನಪಿಸಲಿಕ್ಕಾಗಿಯೇ.

ವಿದ್ಯಾರ್ಥಿಗಳು ಏನು ಮಾಡಬಹುದು? ಬಹಳ ಮಾಡಬಹುದು. ನಿಮ್ಮ ಊರಿನ ಹಳೆಯ ಮನೆಗಳಲ್ಲಿ, ನಾಟಕ ಕಂಪನಿಯಲ್ಲಿದ್ದವರ ಮನೆಗಳಲ್ಲಿ, ಮುಚ್ಚಿಹೋದ ಟಾಕೀಸುಗಳಲ್ಲಿ ಸಿನಿಮಾ ಹಾಡಿನ ಪುಸ್ತಕಗಳು, ಕರಪತ್ರಗಳು, ಪೋಸ್ಟರುಗಳು, ತಟ್ಟೆಗಳು ಇನ್ನೂ ಇರಬಹುದು. ಗುಜರಿಗೆ ಹೋಗುವ ಮೊದಲು ಒಮ್ಮೆ ಕೇಳಿ ನೋಡಿ. ಗ್ರಾಮಫೋನ್ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ, ಬಿಸಿಲು ಬೀಳದ ಕಡೆ ನೆಟ್ಟಗೆ ನಿಲ್ಲಿಸಿಡಿ. ಹಳೆಯ ಭಾವಚಿತ್ರದಲ್ಲಿ ಯಾರಿದ್ದಾರೆ, ಯಾವ ವರ್ಷದ್ದು ಎಂದು ತಿಳಿದವರನ್ನು ಕೇಳಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡಿ. ಹಳೆಯ ಫಿಲ್ಮಿನ ಡಬ್ಬಿ ಸಿಕ್ಕರೆ ಮಾತ್ರ ನೀವಾಗಿ ತೆರೆಯಬೇಡಿ. ಬೆಂಕಿಯಿಂದ ದೂರವಿಟ್ಟು ಹಿರಿಯರ ಮೂಲಕ ಪುಣೆಯ ಸಂಗ್ರಹಾಲಯಕ್ಕೆ ತಿಳಿಸಿ. ಬೆಲೆಬಾಳುವ ಯಾವುದೇ ಧ್ವನಿ, ದೃಶ್ಯ ನಿಮ್ಮಲ್ಲಿದ್ದರೆ ಕನಿಷ್ಠ ಮೂರು ಪ್ರತಿ ಮಾಡಿ ಬೇರೆಬೇರೆ ಕಡೆ ಇಡಿ.

2031ರ ಮಾರ್ಚ್ 14ಕ್ಕೆ ಭಾರತೀಯ ವಾಕ್ಚಿತ್ರಕ್ಕೆ ನೂರು ತುಂಬುತ್ತದೆ. 2034ರ ಮಾರ್ಚ್ 3ಕ್ಕೆ ಕನ್ನಡ ವಾಕ್ಚಿತ್ರಕ್ಕೆ ನೂರು. ಭಾಷಣ, ಮೆರವಣಿಗೆ, ಅಂಚೆಚೀಟಿ ಎಲ್ಲವೂ ಇರುತ್ತವೆ. ಅಂದಿನ ದೂರದರ್ಶನ ಕಾರ್ಯಕ್ರಮವನ್ನು ತಯಾರಿಸುವವರು ನಿಮ್ಮಲ್ಲೇ ಒಬ್ಬರಾಗಿರಲೂಬಹುದು. ಆಗಲೂ ತೋರಿಸಲು ಅದೇ ಕೆಲವು ಸ್ಥಿರಚಿತ್ರಗಳೇ ಇರುತ್ತವೆಯೋ, ಅಷ್ಟರೊಳಗೆ ಯಾವುದಾದರೂ ಅಟ್ಟದಿಂದ ಒಂದು ಹಾಡಿನ ಪುಸ್ತಕವೋ, ಒಂದು ಸುರುಳಿಯ ತುಂಡೋ ಕೆಳಗಿಳಿದಿರುತ್ತದೆಯೋ, ಈಗಿನಿಂದಲೇ ಹುಡುಕಲು ಹೊರಡುವವರ ಮೇಲೆ ನಿಂತಿದೆ.